ಮೋಟೊರೋಲಾ ಮನೆತನದ ಮೂಲಪುರುಷ ಪಾಲ್ ಗಾಲ್ವಿನ್

ವಿದ್ಯುದುಪಕರಣಗಳ ಇತಿಹಾಸವನ್ನು ಓದುವಾಗ ಹೊಸದನ್ನು ಕಂಡುಹಿಡಿದವರ ಹೆಸರುಗಳೇ ನಮ್ಮ ಕಣ್ಣಿಗೆ ಮೊದಲು ಬೀಳುತ್ತವೆ. ಕಂಡುಹಿಡಿದುದನ್ನು ತಯಾರಿಸಿ, ಮಾರಿ, ಅದರಿಂದ ಸಾವಿರಾರು ಸಂಸಾರಗಳ ಒಲೆ ಉರಿಯುವಂತೆ ಮಾಡಿದವರ ಹೆಸರುಗಳು ಬಹುಮಟ್ಟಿಗೆ ಮರೆಯಲ್ಲಿಯೇ ಉಳಿಯುತ್ತವೆ. ಪಾಲ್ ಗಾಲ್ವಿನ್ನರು ಈ ಎರಡನೆಯ ಪಂಕ್ತಿಗೆ ಸೇರಿದವರು. ಅವರು ವಿಜ್ಞಾನಿಗಳಲ್ಲ; ಇಂಜಿನಿಯರರೂ ಅಲ್ಲ; ವಿಶ್ವವಿದ್ಯಾಲಯದ ಮೆಟ್ಟಿಲನ್ನು ಹತ್ತಿದರೂ ಪದವಿಯನ್ನು ಪಡೆಯುವ ಭಾಗ್ಯ ಅವರಿಗೆ ಒದಗಲಿಲ್ಲ. ಹೀಗಿದ್ದೂ ಮೋಟಾರು ಗಾಡಿಯೊಳಗಿನ ರೇಡಿಯೋ, ಯೋಧನ ಕೈಯೊಳಗಿನ ನಿಸ್ತಂತು ಯಂತ್ರ, ಗಣಕಯಂತ್ರದ ಹೃದಯದಂತಿರುವ ಅರೆವಾಹಕ ಬಿಲ್ಲೆ, ಕಡೆಗೆ ಜೇಬಿನೊಳಗಿನ ದೂರವಾಣಿ, ಇವೆಲ್ಲವುಗಳ ಕಥೆಯಲ್ಲಿ ಅವರು ಕಟ್ಟಿದ ಸಂಸ್ಥೆಯ ಹೆಸರು ಬಂದೇ ಬರುತ್ತದೆ. ಅವರ ಬಾಳಿನ ವೃತ್ತಾಂತವನ್ನೂ, ಅವರ ತರುವಾಯ ಮಗನೂ ಮೊಮ್ಮಗನೂ ಆ ಸಂಸ್ಥೆಯನ್ನು ನಡೆಸಿದ ಬಗೆಯನ್ನೂ ನಮ್ಮ ವಿದ್ಯಾರ್ಥಿಗಳು ತಿಳಿದಿರುವುದು ಲೇಸು.

ಪಾಲ್ ವಿನ್ಸೆಂಟ್ ಗಾಲ್ವಿನ್ನರು ಹುಟ್ಟಿದುದು 1895ನೆಯ ಇಸವಿ ಜೂನ್ 29ರಂದು. ಊರು ಅಮೆರಿಕಾ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದಲ್ಲಿರುವ ಹಾರ್ವರ್ಡ್. ಹೆಸರನ್ನು ಕೇಳಿ ಪ್ರಸಿದ್ಧವಾದ ವಿಶ್ವವಿದ್ಯಾಲಯವನ್ನು ನೆನೆಯಬೇಕಾಗಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಷಿಕಾಗೋ ಮಹಾನಗರದ ವಾಯವ್ಯ ದಿಕ್ಕಿಗಿರುವ ಒಂದು ಸಣ್ಣ ಊರು. ಸುತ್ತಲೂ ಹೈನುಗಾರಿಕೆಯ ಸೀಮೆ. ರೈಲುಮಾರ್ಗಗಳು ಕೂಡುವ ಜಂಕ್ಷನ್. ಅಲ್ಲಿಗೆ ಬಂದ ಗಾಡಿಗಳು ಕೆಲಹೊತ್ತು ನಿಲ್ಲುತ್ತಿದ್ದವು. ಹಸಿದ ಪ್ರಯಾಣಿಕರಿಗೆ ಮೆಕ್ಕೆಜೋಳದ ಅರಳನ್ನು ಮಾರುವ ಹುಡುಗರ ಗುಂಪುಗಳು ಆ ನಿಲ್ದಾಣದಲ್ಲಿ ಪೈಪೋಟಿಯಿಂದ ಓಡಾಡುತ್ತಿದ್ದವು. ಹದಿಮೂರರ ಪ್ರಾಯದ ಪಾಲ್ ಆ ಗುಂಪಿನಲ್ಲಿ ಒಬ್ಬನಾದನು. ಗಾಡಿ ನಿಂತಿರುವ ಅಲ್ಪಕಾಲದಲ್ಲಿಯೇ ಡಬ್ಬಿಯಿಂದ ಡಬ್ಬಿಗೆ ಹಾರಿ, ಅರಳನ್ನು ಕೊಟ್ಟು, ಹಣವನ್ನು ಎಣಿಸಿಕೊಂಡು, ಗಾಡಿ ಹೊರಡುವ ಮುನ್ನ ಕೆಳಗಿಳಿಯಬೇಕು. ಈ ವ್ಯಾಪಾರವನ್ನು ಕಂಡು ಮತ್ತಷ್ಟು ಹುಡುಗರು ಸೇರಿಕೊಂಡರು; ಜಗಳಗಳಾದವು; ಕಡೆಗೆ ರೈಲ್ವೆಯವರು ಬೇಸತ್ತು ಹುಡುಗರ ಮಾರಾಟವನ್ನೇ ನಿಷೇಧಿಸಿದರು. ಚೆನ್ನಾಗಿ ನಡೆಯುತ್ತಿರುವ ವ್ಯಾಪಾರವೊಂದು ಅನ್ಯರ ಒಂದು ಆಜ್ಞೆಯಿಂದ ಒಂದೇ ದಿನದಲ್ಲಿ ನಿಂತುಹೋಗಬಹುದೆಂಬ ಅನುಭವ ಅವರಿಗೆ ಇಷ್ಟು ಬೇಗನೆ ಆಯಿತು.

ಪ್ರೌಢಶಾಲೆಯ ಬಳಿಕ ಅವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದರು. ಹಣದ ಅಡಚಣೆಯಿಂದ ಓದು ನಿಂತಿತು. ಷಿಕಾಗೋದ ವಿದ್ಯುತ್ ಸರಬರಾಜು ಸಂಸ್ಥೆಯೊಂದರಲ್ಲಿ ಗುಮಾಸ್ತರಾಗಿ ಸೇರಿದರು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಅಮೆರಿಕಾವನ್ನೂ ಸೆಳೆದುಕೊಂಡಿತು. ಗಾಲ್ವಿನ್ನರು ಫಿರಂಗಿ ದಳದಲ್ಲಿ ಅಧಿಕಾರಿಯಾಗಿ ಫ್ರಾನ್ಸಿಗೆ ಹೋಗಿಬಂದರು. ಮರಳಿದ ಮೇಲೆ ವಿದ್ಯುತ್ಕೋಶಗಳನ್ನು, ಎಂದರೆ ಬ್ಯಾಟರಿಗಳನ್ನು, ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ ಮಾಡಿದರು. 1920ರಲ್ಲಿ ಲಿಲಿಯನ್ ಗಿನನ್ ಎಂಬಾಕೆಯನ್ನು ಮದುವೆಯಾದರು.

ಇನ್ನು ಮುಂದೆ ಅವರ ಸೋಲುಗಳ ಪ್ರಕರಣ. ಇದನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಏಕೆಂದರೆ ಗೆದ್ದವರ ಚರಿತ್ರೆಯನ್ನು ಬರೆಯುವವರು ಈ ಭಾಗವನ್ನು ಎರಡು ಸಾಲಿನಲ್ಲಿ ದಾಟಿಬಿಡುವುದುಂಟು.

1921ರಲ್ಲಿ ಎಡ್ವರ್ಡ್ ಸ್ಟೂವರ್ಟ್ ಎಂಬ ಮಿತ್ರರೊಡನೆ ಸೇರಿ ವಿಸ್ಕಾನ್ಸಿನ್ ರಾಜ್ಯದ ಮಾರ್ಷ್‌ಫೀಲ್ಡ್ ಎಂಬ ಊರಿನಲ್ಲಿ ಬ್ಯಾಟರಿ ಕಾರ್ಖಾನೆಯನ್ನು ತೆರೆದರು. ಬ್ಯಾಟರಿ ಭಾರವಾದ ಸರಕು. ದೊಡ್ಡ ಪೇಟೆಗಳಿಂದ ದೂರವಿದ್ದ ಆ ಊರಿನಿಂದ ಅದನ್ನು ಸಾಗಿಸುವ ವೆಚ್ಚವೇ ಲಾಭವನ್ನು ನುಂಗುವಂತಿತ್ತು. ಸರ್ಕಾರಕ್ಕೆ ಸಲ್ಲಬೇಕಾದ ಅಬಕಾರಿ ಸುಂಕ ಬಾಕಿ ಬಿದ್ದಿತು. 1923ರಲ್ಲಿ ಒಂದು ದಿನ ಗಾಲ್ವಿನ್ನರು ಮಧ್ಯಾಹ್ನದ ಊಟವನ್ನು ಮುಗಿಸಿ ಬರುವಷ್ಟರಲ್ಲಿ ಸರ್ಕಾರದವರು ಕಾರ್ಖಾನೆಗೆ ಬೀಗವನ್ನು ಜಡಿದಿದ್ದರು. ಒಳಗಿದ್ದ ತಮ್ಮ ಕೋಟನ್ನು ತೆಗೆದುಕೊಳ್ಳುವುದಕ್ಕೂ ಅವರನ್ನು ಬಿಡಲಿಲ್ಲವೆಂದು ಹೇಳುತ್ತಾರೆ. ಹಿಂದಿನ ವರ್ಷ, ಎಂದರೆ 1922ರ ಅಕ್ಟೋಬರ್ 9ರಂದು, ಅದೇ ಊರಿನಲ್ಲಿ ಅವರ ಮಗ ರಾಬರ್ಟ್ ಹುಟ್ಟಿದ್ದನು. ಒಂದು ವರ್ಷವೂ ತುಂಬದ ಕೂಸಿನ ತಂದೆ ಬರಿಗೈಯಲ್ಲಿ ಷಿಕಾಗೋಗೆ ಮರಳಿ, ಮಿಠಾಯಿಯ ವ್ಯಾಪಾರದಲ್ಲಿ ಹೆಸರಾಗಿದ್ದ ಬ್ರಾಕ್ ಎಂಬವರಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಸೇರಬೇಕಾಯಿತು.

1926ರಲ್ಲಿ ಸ್ಟೂವರ್ಟರೊಡನೆ ಮತ್ತೊಮ್ಮೆ ಜೊತೆಗೂಡಿದರು. ಈ ಸಲದ ಸರಕು ಬ್ಯಾಟರಿಯಲ್ಲ; ಬ್ಯಾಟರಿಯ ಅಗತ್ಯವನ್ನೇ ಇಲ್ಲವಾಗಿಸುವ ಒಂದು ಪೆಟ್ಟಿಗೆ. ಆ ಕಾಲದ ರೇಡಿಯೋಗಳಿಗೆ ಎರಡು ಬಗೆಯ ಬ್ಯಾಟರಿಗಳು ಬೇಕಾಗಿದ್ದವು: ಕವಾಟಗಳ ತಂತುವನ್ನು ಕಾಯಿಸಲು ಒಂದು, ಹೆಚ್ಚಿನ ವೋಲ್ಟೇಜನ್ನು ಒದಗಿಸಲು ಇನ್ನೊಂದು. ಮೇಲಿಂದ ಮೇಲೆ ಬದಲಾಯಿಸಬೇಕಾದ ಇವುಗಳ ಕಾಟ ಸಾಮಾನ್ಯವಾದುದಲ್ಲ. ಆಮ್ಲ ಚೆಲ್ಲಿ ಮನೆಯ ಜಮಖಾನೆಗಳು ಹಾಳಾಗುತ್ತಿದ್ದವು. ಮನೆಯ ಗೋಡೆಗೆ ಬರುವ ವಿದ್ಯುತ್ತು ಹಿಂದುಮುಂದಾಗಿ ಹರಿಯುವ ಪರ್ಯಾಯ ಪ್ರವಾಹ. ರೇಡಿಯೋಗೆ ಬೇಕಾದುದು ಒಂದೇ ದಿಕ್ಕಿನಲ್ಲಿ ಹರಿಯುವ ನೇರ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಿಕೊಡುವುದೇ ಆ ಪೆಟ್ಟಿಗೆಯ ಕಾರ್ಯ. ಯೋಚನೆಯೇನೋ ಒಳ್ಳೆಯದೇ. ಆದರೆ ತಯಾರಿಕೆಯಲ್ಲಿ ದೋಷಗಳಿದ್ದವು, ಸಾಲ ಬೆಳೆಯಿತು, 1928ರಲ್ಲಿ ಈ ಕಂಪನಿಯೂ ಮುಳುಗಿತು.

ಎರಡು ಸಲ ಮುಳುಗಿದವನು ಮೂರನೆಯ ಸಲ ನೀರಿಗಿಳಿಯಲು ಹಿಂಜರಿಯುವುದು ಲೋಕರೂಢಿ. ಗಾಲ್ವಿನ್ನರು ಮಾಡಿದುದೇನೆಂದರೆ, ತಮ್ಮ ದಿವಾಳಿಯೆದ್ದ ಕಂಪನಿಯ ಹರಾಜಿಗೆ ತಾವೇ ಹೋಗಿ, ತಮ್ಮ ಜೋಸೆಫನೊಡಗೂಡಿ, ಆ ಪೆಟ್ಟಿಗೆಯ ವಿನ್ಯಾಸವನ್ನೂ ಅದನ್ನು ತಯಾರಿಸುವ ಉಪಕರಣಗಳನ್ನೂ 750 ಡಾಲರುಗಳಿಗೆ ಕೊಂಡುಕೊಂಡರು. ದೋಷವನ್ನು ತಿದ್ದಿದರೆ ಕೊಳ್ಳುವವರಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. 1928ರ ಸೆಪ್ಟೆಂಬರ್ 25ರಂದು ಷಿಕಾಗೋದ ಹ್ಯಾರಿಸನ್ ಬೀದಿಯಲ್ಲಿ ಬಾಡಿಗೆಗೆ ಹಿಡಿದ ಒಂದು ಕಟ್ಟಡದ ಭಾಗದಲ್ಲಿ ಗಾಲ್ವಿನ್ ಮ್ಯಾನುಫ್ಯಾಕ್ಚರಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಜನ್ಮತಾಳಿತು. ಕೈಯಲ್ಲಿದ್ದ ನಗದು 565 ಡಾಲರು. ಕೆಲಸಗಾರರು ಐದು ಮಂದಿ. ಮೊದಲ ವಾರದ ಒಟ್ಟು ಸಂಬಳ 63 ಡಾಲರು. ಅಣ್ಣ ಹೊರಗಿನ ವ್ಯವಹಾರವನ್ನೂ ತಮ್ಮ ಕಾರ್ಖಾನೆಯ ಒಳಗಿನ ಕೆಲಸವನ್ನೂ ನೋಡಿಕೊಳ್ಳತೊಡಗಿದರು. ಕೆಲಸಗಾರರ ಹೆಸರು, ಮನೆಮಂದಿಯ ಕಷ್ಟಸುಖ ಜೋಸೆಫರಿಗೆ ತಿಳಿದಿರುತ್ತಿತ್ತು. ಪಾಲರು ಮುಂಗೋಪಿಗಳು. ಅಣ್ಣ ಸಿಡಿದಲ್ಲಿ ತಮ್ಮ ತಣಿಸುತ್ತಿದ್ದನೆಂದರೆ ಆ ಜೋಡಿಯ ಸ್ವರೂಪ ತಿಳಿದೀತು.

ಗೋಡೆಯ ವಿದ್ಯುತ್ತಿನಿಂದಲೇ ನೇರವಾಗಿ ನಡೆಯುವ ರೇಡಿಯೋಗಳು ಬಂದೊಡನೆ ಆ ಪೆಟ್ಟಿಗೆಯ ಕಾಲವೂ ಮುಗಿಯಿತು. ಗಾಲ್ವಿನ್ನರು ಅನ್ಯರ ಹೆಸರಿನಲ್ಲಿ ಮಾರಾಟವಾಗುವ ರೇಡಿಯೋಗಳನ್ನು ತಯಾರಿಸತೊಡಗಿದರು. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದು, ಕೊಳ್ಳುವವರೇ ಇಲ್ಲವಾದರು. ಈ ಇಕ್ಕಟ್ಟಿನಲ್ಲಿಯೇ ಮೋಟಾರು ಗಾಡಿಯೊಳಗೆ ರೇಡಿಯೋವನ್ನು ಅಳವಡಿಸುವ ಯೋಚನೆ ಅವರ ಮನಸ್ಸನ್ನು ಹೊಕ್ಕಿತು. ಅಲ್ಲಲ್ಲಿ ಕೆಲವರು ಇದನ್ನು ಮಾಡುತ್ತಿದ್ದರು; ಆದರೆ ಒಂದೊಂದು ಗಾಡಿಗೂ ಪ್ರತ್ಯೇಕವಾಗಿ ಕೂಡಿಸಬೇಕಾಗಿದ್ದುದರಿಂದ ಬೆಲೆ ಅತಿಯಾಗಿತ್ತು. ಎಲ್ಲ ಬಗೆಯ ಗಾಡಿಗಳಿಗೂ ಒಗ್ಗುವಂತೆ, ಸಾಮಾನ್ಯರ ಕೈಗೆಟಕುವ ಬೆಲೆಗೆ, ಒಂದೇ ಮಾದರಿಯನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸಬೇಕೆಂಬುದು ಗಾಲ್ವಿನ್ನರ ಹವಣಿಕೆ.

ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ದುಸ್ಸಾಧ್ಯ. ಗಾಡಿಯ ಯಂತ್ರದೊಳಗೆ ಇಂಧನವನ್ನು ಹೊತ್ತಿಸುವ ಪ್ರತಿಯೊಂದು ಕಿಡಿಯೂ ಒಂದು ಸಣ್ಣ ಸಿಡಿಲಿನಂತೆ ರೇಡಿಯೋದಲ್ಲಿ ಚಟಪಟ ಸದ್ದನ್ನು ಎಬ್ಬಿಸುತ್ತದೆ. ಅಂದಿನ ರಸ್ತೆಗಳ ಕುಲುಕಾಟಕ್ಕೆ ಗಾಜಿನ ಕವಾಟಗಳು ನಿಲ್ಲಬೇಕು. ಇಡಲು ಸ್ಥಳವಿಲ್ಲ. ವಿಲಿಯಂ ಲಿಯರ್, ಎಲ್ಮರ್ ವೇವರಿಂಗ್ ಎಂಬ ಇಬ್ಬರು ತರುಣರು ಈ ಕಾರ್ಯದಲ್ಲಿ ಅವರಿಗೆ ನೆರವಾದರು. ಇವರಲ್ಲಿ ಲಿಯರ್ ಮುಂದೆ ತಮ್ಮದೇ ಹೆಸರಿನ ಪುಟ್ಟ ಜೆಟ್ ವಿಮಾನಗಳಿಂದ ಜಗದ್ವಿಖ್ಯಾತರಾದರು. ವೇವರಿಂಗ್ ಗಾಲ್ವಿನ್ನರ ಸಂಸ್ಥೆಯಲ್ಲಿಯೇ ಬೆಳೆದು ಅದರ ಅಧ್ಯಕ್ಷರಾದರು. ಸಾಲ ಕೊಡಬೇಕಾಗಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರ ಗಾಡಿಯಲ್ಲಿ ಪ್ರಯೋಗಾರ್ಥವಾಗಿ ರೇಡಿಯೋವನ್ನು ಕೂಡಿಸಲಾಗಿ, ಅರ್ಧ ಗಂಟೆಯೊಳಗೆ ಆ ಗಾಡಿಗೆ ಬೆಂಕಿ ಹತ್ತಿಕೊಂಡಿತೆಂಬ ಕಥೆಯೊಂದು ಪ್ರಚಲಿತವಾಗಿದೆ. ಸಾಲ ದೊರೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

1930ರ ಜೂನ್ ತಿಂಗಳಿನಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ಕಡಲತೀರದ ನಗರದಲ್ಲಿ ರೇಡಿಯೋ ತಯಾರಕರ ಸಮ್ಮೇಳನ ಏರ್ಪಟ್ಟಿತ್ತು. ಮಳಿಗೆಯನ್ನು ಹಿಡಿಯಲು ಗಾಲ್ವಿನ್ನರ ಬಳಿ ಹಣವಿರಲಿಲ್ಲ. ತಮ್ಮ ಸ್ಟೂಡಿಬೇಕರ್ ಗಾಡಿಗೆ ರೇಡಿಯೋವನ್ನು ಕೂಡಿಸಿಕೊಂಡು, ಪತ್ನಿಯೊಡನೆ ಷಿಕಾಗೋದಿಂದ ಎಂಟುನೂರು ಮೈಲಿಗೂ ಮಿಗಿಲಾದ ದಾರಿಯನ್ನು ಕ್ರಮಿಸಿ, ಸಮ್ಮೇಳನದ ಹೊರಗೆ ಗಾಡಿಯನ್ನು ನಿಲ್ಲಿಸಿ, ಬರುವವರಿಗೂ ಹೋಗುವವರಿಗೂ ಕೇಳುವಂತೆ ರೇಡಿಯೋವನ್ನು ಹಾಕಿದರು. ವರ್ತಕರು ಕುತೂಹಲದಿಂದ ಬಂದರು, ನೋಡಿದರು, ಬೇಡಿಕೆಗಳನ್ನು ಬರೆಸಿದರು. ಅಳವಡಿಕೆಯೂ ಸೇರಿ ಆ ರೇಡಿಯೋದ ಬೆಲೆ 110ರಿಂದ 130 ಡಾಲರು. ಇದು ಅಂದಿನ ಹಣದಲ್ಲಿ ಕಡಿಮೆಯಲ್ಲ. ಆದರೂ ಇತರರು ಕೇಳುತ್ತಿದ್ದುದಕ್ಕಿಂತ ಬಹಳ ಕಡಿಮೆ.

ಈ ಸರಕಿಗೆ ಗಾಲ್ವಿನ್ನರು ಇಟ್ಟ ಹೆಸರೇ ಮೋಟೊರೋಲಾ. ವ್ಯಾಕರಣವನ್ನು ಕಲಿಸುವ ನನ್ನಂತಹವರಿಗೆ ಈ ಶಬ್ದದ ಹುಟ್ಟು ವಿನೋದವನ್ನುಂಟುಮಾಡುತ್ತದೆ. ಮೋಟಾರು ಎಂಬುದು ಪ್ರಕೃತಿ. ಓಲಾ ಎಂಬುದು ಆ ಕಾಲದಲ್ಲಿ ವಿಕ್ಟ್ರೋಲಾ ಮುಂತಾದ ಗಾನಯಂತ್ರಗಳ ಹೆಸರುಗಳ ಕೊನೆಗೆ ಹತ್ತುತ್ತಿದ್ದ ಒಂದು ಪ್ರತ್ಯಯ. ಚಲಿಸುವ ಗಾಡಿಯಲ್ಲಿನ ಗಾನವೆಂದು ಅರ್ಥವನ್ನು ಊಹಿಸಿಕೊಳ್ಳಬೇಕು. ಯಾವ ನಿಘಂಟಿನಲ್ಲಿಯೂ ಇಲ್ಲದ, ಯಾವ ವೈಯಾಕರಣಿಯೂ ಒಪ್ಪದ ಈ ಶಬ್ದ ಸರಕಿಗಿಂತ ಗಟ್ಟಿಯಾಗಿ ಬಾಳಿತು. 1947ರಲ್ಲಿ ಸಂಸ್ಥೆಯೇ ತನ್ನ ಸ್ಥಾಪಕರ ಮನೆತನದ ಹೆಸರನ್ನು ಬಿಟ್ಟು ಮೋಟೊರೋಲಾ ಎಂಬ ಹೆಸರನ್ನು ಧರಿಸಿತು. ಸ್ವಂತದ ಹೆಸರನ್ನು ಹಲಗೆಯಿಂದ ತೆಗೆಯಲು ಒಪ್ಪಿದುದು ಸಣ್ಣ ಮಾತಲ್ಲವೆಂದು ನನ್ನ ಭಾವನೆ.

ರೇಡಿಯೋ ಕೂಡಿಸಿದ ಪೊಲೀಸರ ಗಾಡಿಗಳು 1930ರ ದಶಕದಲ್ಲಿ ಹೆಚ್ಚತೊಡಗಿದವು; 1936ರಲ್ಲಿ ಸಂಸ್ಥೆ ಅವುಗಳಿಗಾಗಿಯೇ ಒಂದು ಗ್ರಾಹಕವನ್ನು ತಯಾರಿಸಿತು. ಅದೇ ವರ್ಷ ಗಾಲ್ವಿನ್ನರು ಸಂಸಾರಸಮೇತರಾಗಿ ಯೂರೋಪಿನ ಪ್ರವಾಸಕ್ಕೆ ಹೋದರು. ಜರ್ಮನಿಯಲ್ಲಿ ನಡೆಯುತ್ತಿದ್ದುದನ್ನು ಕಣ್ಣಾರೆ ಕಂಡು, ಮತ್ತೊಂದು ಯುದ್ಧ ತಪ್ಪದೆಂಬ ನಿಶ್ಚಯದೊಡನೆ ಹಿಂದಿರುಗಿದರು. 1940ರಲ್ಲಿ ವಿಸ್ಕಾನ್ಸಿನ್ನಿನ ಸೇನಾಶಿಬಿರವೊಂದರಲ್ಲಿ ನಡೆದ ಕವಾಯತನ್ನು ನೋಡಿಬರಲು ತಮ್ಮ ಇಂಜಿನಿಯರ್ ಡೊನಾಲ್ಡ್ ಮಿಚೆಲ್ಲರನ್ನು ಕಳುಹಿಸಿದರು. ಗಾಡಿಯಲ್ಲಿ ಹೊತ್ತ ರೇಡಿಯೋಗಳನ್ನು ಗಾಡಿ ಹೋಗದ ಕೆಸರಿನಲ್ಲಿ ಬಿಟ್ಟು ಸೈನಿಕರು ಮುಂದೆ ಸಾಗಬೇಕಾಗುತ್ತಿದ್ದುದನ್ನು ಮಿಚೆಲ್ಲರು ಗಮನಿಸಿದರು. ಅದರಿಂದ ಹುಟ್ಟಿದುದು ಒಂದೇ ಕೈಯಲ್ಲಿ ಹಿಡಿದು ಮಾತನಾಡಬಹುದಾದ, ಸುಮಾರು ಐದು ಪೌಂಡು ತೂಕದ ಹ್ಯಾಂಡಿ-ಟಾಕಿ. ಸರ್ಕಾರ ಕೇಳುವುದಕ್ಕೆ ಮೊದಲೇ ಗಾಲ್ವಿನ್ನರು ಇದರ ಕೆಲಸಕ್ಕೆ ಕೈಹಾಕಿದ್ದರೆಂಬುದು ಗಮನಾರ್ಹ.

ಅದೇ 1940ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಅಧ್ಯಾಪಕರಾಗಿದ್ದ ಡೇನಿಯಲ್ ನೋಬಲ್ ಎಂಬವರು ಸಂಸ್ಥೆಯನ್ನು ಸೇರಿದರು. ಆವೃತ್ತಿಯನ್ನು ಏರುಪೇರು ಮಾಡಿ ಧ್ವನಿಯನ್ನು ಕಳುಹಿಸುವ ಎಫ್.ಎಂ. ಪದ್ಧತಿಯಲ್ಲಿ ಅವರು ಪ್ರವೀಣರು. ಯುದ್ಧದಿಂದಾಗಿ ತಾಯ್ನಾಡಿಗೆ ಮರಳಲಾಗದೆ ಅಮೆರಿಕಾದಲ್ಲಿ ಉಳಿದ ಹೆನ್ರಿಕ್ ಮಾಗ್ನುಸ್ಕಿ ಎಂಬ ಪೋಲೆಂಡಿನ ಇಂಜಿನಿಯರರೂ ಜೊತೆಗೂಡಿದರು. 1943ರ ಹೊತ್ತಿಗೆ ಬೆನ್ನ ಮೇಲೆ ಹೊರುವ ವಾಕಿ-ಟಾಕಿ ಸಿದ್ಧವಾಯಿತು. ಯುದ್ಧ ಮುಗಿಯುವುದರೊಳಗೆ ಇಂತಹ ಸುಮಾರು ಐವತ್ತು ಸಾವಿರ ಯಂತ್ರಗಳನ್ನು ಸಂಸ್ಥೆ ತಯಾರಿಸಿಕೊಟ್ಟಿತು.

ಹೊರಗೆ ಕೀರ್ತಿ ಬೆಳೆಯುತ್ತಿದ್ದ ಇದೇ ಕಾಲದಲ್ಲಿ ಮನೆಯೊಳಗೆ ಸಿಡಿಲೆರಗಿತು. 1942ರ ಅಕ್ಟೋಬರಿನಲ್ಲಿ ಇವ್ಯಾನ್‌ಸ್ಟನ್ನಿನ ಅವರ ಮನೆಯಲ್ಲಿ ಪತ್ನಿ ಲಿಲಿಯನ್ನರನ್ನೂ ಮನೆಗೆಲಸದಾಕೆಯನ್ನೂ ಯಾರೋ ಗುಂಡಿಟ್ಟು ಕೊಂದರು. ಕೊಲೆಗಾರರು ಯಾರೆಂಬುದು ಎಂದಿಗೂ ಬಯಲಾಗಲಿಲ್ಲ. ಒಬ್ಬನೇ ಮಗನಿಗೆ ಆಗ ಇಪ್ಪತ್ತು ವರ್ಷ. 1944ರಲ್ಲಿ ತಮ್ಮ ಜೋಸೆಫರೂ ತೀರಿಕೊಂಡರು. ಅಟ್ಲಾಂಟಿಕ್ ಸಿಟಿಯ ದಾರಿಯಲ್ಲಿ ಪಕ್ಕದಲ್ಲಿ ಕುಳಿತಿದ್ದಾಕೆ ಇಲ್ಲ. ಹರಾಜಿನ ದಿನ ಜೊತೆಗೆ ನಿಂತಿದ್ದವನೂ ಇಲ್ಲ. ಯುದ್ಧದ ಬೇಡಿಕೆಗಳೋ ಹಗಲಿರುಳು ಬರುತ್ತಿದ್ದವು. ಗಾಲ್ವಿನ್ನರು ಕಾರ್ಖಾನೆಯನ್ನು ಬಿಡಲಿಲ್ಲ. 1945ರಲ್ಲಿ ಅವರು ವರ್ಜೀನಿಯಾ ಕ್ರಿಚ್‌ಫೀಲ್ಡ್ ಎಂಬಾಕೆಯನ್ನು ವಿವಾಹವಾದರು. ಈ ಮಹಿಳೆಯ ಹೆಸರಿನ ಧರ್ಮನಿಧಿ ಅರಿಜೋನಾದಲ್ಲಿ ಇಂದಿಗೂ ಆರೋಗ್ಯ, ಶಿಕ್ಷಣ ಮೊದಲಾದ ಕಾರ್ಯಗಳಿಗೆ ನೆರವಾಗುತ್ತಿದೆ.

ಯುದ್ಧಾನಂತರದ ಎರಡು ಸಂಗತಿಗಳನ್ನು ಮಾತ್ರ ಹೇಳುತ್ತೇನೆ. 1947ರಲ್ಲಿ ಸಂಸ್ಥೆಯ ಲಾಭದಲ್ಲಿ ನೌಕರರಿಗೂ ಪಾಲು ಸಲ್ಲುವ ಯೋಜನೆಯನ್ನು ಗಾಲ್ವಿನ್ನರು ಜಾರಿಗೆ ತಂದರು. ಆ ದೇಶದಲ್ಲಿ ಇಂತಹ ಮೊದಮೊದಲಿನ ಯೋಜನೆಗಳಲ್ಲಿ ಇದೂ ಒಂದು. ಕಾರ್ಮಿಕ ಸಂಘಗಳಿಗೆ ಅವರ ಕಾರ್ಖಾನೆಯಲ್ಲಿ ಕಾಲೂರಲು ಆಗಲಿಲ್ಲವೆಂಬುದನ್ನೂ ಇದರ ಜೊತೆಗೇ ಹೇಳಬೇಕು. ಇದನ್ನು ಔದಾರ್ಯವೆನ್ನುವವರೂ ಜಾಣತನವೆನ್ನುವವರೂ ಇದ್ದಾರೆ, ಎರಡೂ ಇದ್ದಿರಬಹುದು. ಅದೇ ವರ್ಷ ದೂರದರ್ಶನ ಯಂತ್ರವೊಂದನ್ನು 179 ಡಾಲರು 95 ಸೆಂಟಿಗೆ ಮಾರುವುದೆಂದೂ, ಮೊದಲ ವರ್ಷದಲ್ಲಿ ಒಂದು ಲಕ್ಷ ಯಂತ್ರಗಳನ್ನು ಮಾರುವುದೆಂದೂ ಅವರು ನಿಶ್ಚಯಿಸಿದರು. ಅಷ್ಟನ್ನು ತಯಾರಿಸುವ ಸ್ಥಳವೇ ಇಲ್ಲವೆಂದು ಸ್ವಂತದ ಅಧಿಕಾರಿಗಳೇ ವಾದಿಸಿದರು. ಒಂದು ಲಕ್ಷವೂ ಮಾರಾಟವಾಯಿತು.

ಇನ್ನು ಅರೆವಾಹಕಗಳ ವಿಷಯ. ಈ ಶಬ್ದವೇ ವಿಚಾರಾರ್ಹವಾದುದು. ಅರೆ ಎಂಬುದು ಅಚ್ಚಗನ್ನಡ, ವಾಹಕ ಎಂಬುದು ಸಂಸ್ಕೃತ. ಇವೆರಡರ ಕೂಡುವಿಕೆಯನ್ನು ಕೇಶಿರಾಜನ ಮರ್ಯಾದೆಯಲ್ಲಿ ಅರಿಸಮಾಸವೆನ್ನಬೇಕು. ಆದರೆ ವಸ್ತುವಿನ ಸ್ವಭಾವವೂ ಹಾಗೆಯೇ ಎರಡು ಕುಲಗಳ ನಡುವಿನದಾದ್ದರಿಂದ ಈ ದೋಷವನ್ನು ಕ್ಷಮಿಸಬಹುದು. ತಾಮ್ರದಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುತ್ತದೆ. ಗಾಜಿನಲ್ಲಿ ಹರಿಯುವುದೇ ಇಲ್ಲ. ಜರ್ಮೇನಿಯಂ, ಸಿಲಿಕಾನ್ ಎಂಬ ಧಾತುಗಳು ಇವೆರಡರ ನಡುವೆ ಇವೆ. ಅತ್ಯಂತ ಶುದ್ಧವಾದ ಇಂತಹ ಧಾತುವಿಗೆ ಕೋಟಿಯಲ್ಲಿ ಒಂದರಷ್ಟು ಪ್ರಮಾಣದಲ್ಲಿ ಬೇರೊಂದು ಧಾತುವನ್ನು ಬೆರೆಸಿದರೆ ಅದರ ವಾಹಕತ್ವ ಬೇಕಾದಂತೆ ಬದಲಾಗುತ್ತದೆ. ಆಂಟಿಮನಿಯನ್ನು ಬೆರೆಸಿದರೆ ಎಲೆಕ್ಟ್ರಾನುಗಳು ಹೆಚ್ಚುತ್ತವೆ. ಇಂಡಿಯಂ ಬೆರೆಸಿದರೆ ಎಲೆಕ್ಟ್ರಾನುಗಳಿರಬೇಕಾದ ಸ್ಥಾನಗಳು ಖಾಲಿಯಾಗುತ್ತವೆ. ಈ ಎರಡು ಬಗೆಯ ಪದರಗಳನ್ನು ಒಂದರ ಪಕ್ಕದಲ್ಲೊಂದು ಕೂಡಿಸಿ, ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹವನ್ನು ಹತೋಟಿಯಲ್ಲಿಡುವ ಸಾಧನವೇ ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಇದು ಮೊದಲು ಕಾಣಿಸಿಕೊಂಡಿತು.

ಗಾಜಿನ ಕವಾಟದ ಕಾಲ ಮುಗಿಯುತ್ತ ಬಂದಿತೆಂಬುದನ್ನು ಬೇಗನೆ ಅರಿತವರು ಡೇನಿಯಲ್ ನೋಬಲ್. ಅವರ ಒತ್ತಾಯದಂತೆ 1949ರಲ್ಲಿ ಅರಿಜೋನಾದ ಫೀನಿಕ್ಸ್ ನಗರದಲ್ಲಿ, ಷಿಕಾಗೋದ ಹಿಮದಿಂದ ಬಹುದೂರದ ಆ ಮರುಭೂಮಿಯ ಸೀಮೆಯಲ್ಲಿ, ಒಂದು ಸಣ್ಣ ಸಂಶೋಧನಾಲಯ ಪ್ರಾರಂಭವಾಯಿತು. ಗಾಲ್ವಿನ್ನರಿಗೆ ಆಗ ಐವತ್ತನಾಲ್ಕು ವರ್ಷ. ಪರಮಾಣುವಿನ ಒಳಗಿನ ವ್ಯಾಪಾರ ಅವರಿಗೆ ಅರ್ಥವಾಗುವಂತಹುದಲ್ಲ. ಹಾಕಿದ ಹಣ ವರ್ಷಗಟ್ಟಲೆ ಮರಳುವಂತಹುದೂ ಅಲ್ಲ. ಆದರೂ ಒಪ್ಪಿಗೆಯನ್ನಿತ್ತರು. ವಿಷಯವನ್ನು ಅಳೆಯಲಾಗದಿದ್ದಾಗ ಅವರು ಮನುಷ್ಯನನ್ನು ಅಳೆದರು. ನೋಬಲ್ಲರನ್ನು ಹತ್ತು ವರ್ಷದಿಂದ ಕಂಡಿದ್ದರು. ನನ್ನ ದೃಷ್ಟಿಯಲ್ಲಿ ಅವರ ಜೀವನದ ಅತ್ಯಂತ ದೊಡ್ಡ ನಿರ್ಧಾರ ಇದೇ.

ಮೊದಲ ಫಲವೂ ಹಳೆಯ ಹೊಲದಲ್ಲಿಯೇ ಬೆಳೆದುದು ಸ್ವಾರಸ್ಯ. ಗಾಡಿಯ ರೇಡಿಯೋಗಳಲ್ಲಿ ಧ್ವನಿವರ್ಧನೆಗೆ ಹೆಚ್ಚಿನ ಶಕ್ತಿ ಬೇಕು; ಅಂದಿನ ಸಣ್ಣ ಟ್ರಾನ್ಸಿಸ್ಟರುಗಳಿಂದ ಅದು ಸಾಧ್ಯವಿರಲಿಲ್ಲ. 1955ರಲ್ಲಿ ಮೋಟೊರೋಲಾ ಹೆಚ್ಚಿನ ಪ್ರವಾಹವನ್ನು ತಾಳಬಲ್ಲ ಜರ್ಮೇನಿಯಂ ಟ್ರಾನ್ಸಿಸ್ಟರನ್ನು ಪೇಟೆಗೆ ತಂದಿತು. ಅದನ್ನು ತನ್ನ ರೇಡಿಯೋಗಳಿಗೆ ಮಾತ್ರ ಇಟ್ಟುಕೊಳ್ಳದೆ ಇತರ ತಯಾರಕರಿಗೂ ಮಾರಿತು. ಪ್ರತಿಸ್ಪರ್ಧಿಗೆ ಆಯುಧವನ್ನು ಮಾರಬಹುದೇ ಎಂಬ ಶಂಕೆ ಬರುವುದು ಸಹಜ. ಆದರೆ ಅರೆವಾಹಕಗಳ ತಯಾರಿಕೆಯಲ್ಲಿ ಯಂತ್ರಸಾಮಗ್ರಿಗೆ ಹಾಕುವ ಹಣ ಅಪಾರ, ಒಂದೊಂದು ಬಿಡಿಗೆ ತಗಲುವ ವೆಚ್ಚ ಅತ್ಯಲ್ಪ. ಲಕ್ಷಗಟ್ಟಲೆ ತಯಾರಿಸದ ಹೊರತು ಬೆಲೆ ಇಳಿಯದು, ಹೊರಗೆ ಮಾರದ ಹೊರತು ಲಕ್ಷಗಟ್ಟಲೆ ತಯಾರಿಸಲಾಗದು. ಹೀಗೆ ರೇಡಿಯೋ ಕಂಪನಿಯ ಮಡಿಲಲ್ಲಿ ಒಂದು ಅರೆವಾಹಕ ಕಂಪನಿ ಬೆಳೆಯಿತು. 1958ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಬಂದ ಲೆಸ್ಟರ್ ಹೋಗನ್ ಅದರ ಮುಖ್ಯಸ್ಥರಾದರು.

ಮಗ ರಾಬರ್ಟ್ 1940ರಲ್ಲಿಯೇ ಸಾಮಾನು ಕೋಣೆಯ ಗುಮಾಸ್ತನಾಗಿ ಸಂಸ್ಥೆಯಲ್ಲಿ ಕೆಲಸವನ್ನು ಪ್ರಾರಂಭಿಸಿದ್ದನು. ತಂದೆಯಂತೆ ಅವನಿಗೂ ವಿಶ್ವವಿದ್ಯಾಲಯದ ಓದು ಪೂರ್ಣಗೊಳ್ಳಲಿಲ್ಲ. 1956ರಲ್ಲಿ ಪಾಲರು ಮಗನಿಗೆ ಅಧ್ಯಕ್ಷ ಪದವಿಯನ್ನು ಬಿಟ್ಟುಕೊಟ್ಟು, ತಾವು ಆಡಳಿತ ಮಂಡಲಿಯ ಸಭಾಪತಿಗಳಾದರು. ರಕ್ತದ ಕ್ಯಾನ್ಸರಿನಿಂದ ಬಳಲಿ 1959ರ ನವೆಂಬರ್ 5ರಂದು ಇವ್ಯಾನ್‌ಸ್ಟನ್ನಿನಲ್ಲಿ ನಿಧನ ಹೊಂದಿದರು. ಆಗ ಅವರಿಗೆ ಅರುವತ್ತನಾಲ್ಕು ವರ್ಷ. ಸರಕಿನ ಕುಂದನ್ನು ವರ್ತಕರಿಂದ ಮುಚ್ಚಿಡಬಾರದೆಂದೂ, ನಿಜ ಹೇಳುವುದು ಧರ್ಮವಾದುದರಿಂದ ಮಾತ್ರವಲ್ಲದೆ ಅವರಿಗೆ ಅದು ಹೇಗೂ ತಿಳಿದೇ ತಿಳಿಯುವುದರಿಂದಲೂ ಹೇಳಿಬಿಡಬೇಕೆಂದೂ ಅವರು ತಮ್ಮ ಮಾರಾಟಗಾರರಿಗೆ ವಿಧಿಸುತ್ತಿದ್ದುದು ಆ ಸಂಸ್ಥೆಯಲ್ಲಿ ಬಹುಕಾಲ ನೆನಪಿನಲ್ಲಿತ್ತು.

ತಂದೆ ಗಳಿಸಿದುದನ್ನು ಮಗ ಉಳಿಸುವುದೇ ಕಷ್ಟವೆಂಬುದು ವ್ಯಾಪಾರದ ಮನೆತನಗಳನ್ನು ಕಂಡ ಎಲ್ಲರ ಅನುಭವ. ರಾಬರ್ಟ್ ಗಾಲ್ವಿನ್ನರು ಉಳಿಸಿದುದಲ್ಲದೆ ಹಲವು ಪಟ್ಟು ಬೆಳೆಸಿದರು. 1969ರ ಜುಲೈನಲ್ಲಿ ಚಂದ್ರನ ಮೇಲೆ ಮಾನವ ಕಾಲಿಟ್ಟಾಗ ಅವನ ಮಾತನ್ನು ಭೂಮಿಗೆ ಮುಟ್ಟಿಸಿದ ಉಪಕರಣಗಳಲ್ಲಿ ಮೋಟೊರೋಲಾದ್ದೂ ಇತ್ತು. 1973ರ ಏಪ್ರಿಲ್ 3ರಂದು ಅದರ ಇಂಜಿನಿಯರ್ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈದೂರವಾಣಿಯಿಂದ ಮೊದಲ ಕರೆಯನ್ನು ಮಾಡಿದರು. ಪೇಟೆಗೆ ಅದು ಬರಲು ಮತ್ತೆ ಹತ್ತು ವರ್ಷ ಬೇಕಾಯಿತು, ಬೆಲೆ 3,995 ಡಾಲರು. 1974ರಲ್ಲಿ 6800 ಎಂಬ ಸೂಕ್ಷ್ಮಸಂಸ್ಕಾರಕವೂ, 1979ರಲ್ಲಿ 68000 ಎಂಬುದೂ ಹೊರಬಂದವು. ಎರಡನೆಯದನ್ನು ಆ್ಯಪಲ್ ಕಂಪನಿ 1984ರ ತನ್ನ ಮ್ಯಾಕಿಂತೋಷ್ ಗಣಕಯಂತ್ರದಲ್ಲಿ ಅಳವಡಿಸಿತು. ದೋಷರಹಿತ ತಯಾರಿಕೆಗಾಗಿ 1980ರ ದಶಕದಲ್ಲಿ ರೂಪಿಸಿದ ಸಿಕ್ಸ್ ಸಿಗ್ಮಾ ಕ್ರಮವನ್ನು ಲೋಕದ ಅನೇಕ ಕಾರ್ಖಾನೆಗಳು ಅನುಸರಿಸಿದವು. 1988ರಲ್ಲಿ ಅಮೆರಿಕಾ ಸರ್ಕಾರ ಗುಣಮಟ್ಟಕ್ಕಾಗಿ ಮೊದಲ ಬಾರಿ ಕೊಟ್ಟ ಬಾಲ್ಡ್ರಿಜ್ ಪ್ರಶಸ್ತಿ ಮೋಟೊರೋಲಾಗೂ ಸಂದಿತು. ನಮ್ಮ ಬೆಂಗಳೂರಿಗೂ ಈ ನಂಟು ತಲುಪಿತು: 1990ರ ದಶಕದ ಪ್ರಾರಂಭದಲ್ಲಿ ಅಲ್ಲಿ ತೆರೆದ ಅದರ ಸಾಫ್ಟ್‌ವೇರ್ ಕೇಂದ್ರ, ಅಮೆರಿಕಾದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆಯೊಂದು ನಿಗದಿಮಾಡಿದ ಗುಣಶ್ರೇಣಿಯಲ್ಲಿ ಅತ್ಯುನ್ನತವಾದ ಐದನೆಯ ಮಟ್ಟವನ್ನು ಮುಟ್ಟಿದ ಮೊದಮೊದಲಿನ ಕೇಂದ್ರಗಳಲ್ಲಿ ಒಂದಾಯಿತು.

ಬೆಳಕಿನ ಜೊತೆಗೆ ನೆರಳೂ ಇತ್ತು. 1968ರಲ್ಲಿ ಲೆಸ್ಟರ್ ಹೋಗನ್ ಹಲವು ಸಹೋದ್ಯೋಗಿಗಳನ್ನು ಕರೆದುಕೊಂಡು ಫೇರ್‌ಚೈಲ್ಡ್ ಕಂಪನಿಗೆ ಹೊರಟುಹೋದರು. 6800 ರೂಪಿಸಿದವರಲ್ಲಿ ಕೆಲವರೂ ಬೇರೆಡೆಗೆ ಹೋಗಿ, ಅದಕ್ಕಿಂತ ಎಷ್ಟೋ ಅಗ್ಗವಾದ 6502 ಎಂಬುದನ್ನು ತಯಾರಿಸಿದರು. ಇವೆಲ್ಲ ವ್ಯಾಪಾರದ ನಷ್ಟಗಳು. ಫೀನಿಕ್ಸಿನ 52ನೆಯ ಬೀದಿಯ ಹಳೆಯ ಕಾರ್ಖಾನೆಯಿಂದ ರಾಸಾಯನಿಕ ದ್ರಾವಕಗಳು ನೆಲಕ್ಕಿಳಿದು ಅಂತರ್ಜಲವನ್ನು ಕೆಡಿಸಿದುದು 1980ರ ದಶಕದಲ್ಲಿ ಬೆಳಕಿಗೆ ಬಂದಿತು. ಸರ್ಕಾರದ ಮೇಲ್ವಿಚಾರಣೆಯಲ್ಲಿ ಶುದ್ಧೀಕರಣದ ಕಾರ್ಯ ದಶಕಗಟ್ಟಲೆ ನಡೆದಿದೆ. ಲೆಕ್ಕಪುಸ್ತಕದಲ್ಲಿ ಬರೆದು ತೀರಿಸುವ ನಷ್ಟ ಇದಲ್ಲ. ಅತಿಶುದ್ಧಿಯನ್ನೇ ಬೇಡುವ ಒಂದು ಉದ್ಯಮ ತನ್ನ ನೆರೆಹೊರೆಯ ನೀರನ್ನು ಅಶುದ್ಧಗೊಳಿಸಿದುದನ್ನು ಬರೆಯದೆ ಬಿಟ್ಟರೆ ಚರಿತ್ರೆ ಸ್ತೋತ್ರವಾಗುತ್ತದೆ.

ಪಾಲರ ಮೊಮ್ಮಗ, ರಾಬರ್ಟರ ಮಗ ಕ್ರಿಸ್ಟೋಫರ್ ಗಾಲ್ವಿನ್ 1997ರಲ್ಲಿ ಮುಖ್ಯ ಕಾರ್ಯನಿರ್ವಾಹಕರಾದರು. ಭೂಮಿಯನ್ನು ಸುತ್ತುವ 66 ಉಪಗ್ರಹಗಳ ಮೂಲಕ ಎಲ್ಲಿಂದ ಎಲ್ಲಿಗಾದರೂ ಮಾತನಾಡಬಹುದಾದ ಇರಿಡಿಯಂ ಎಂಬ ಯೋಜನೆಯನ್ನು ತಂದೆಯ ಕಾಲದಲ್ಲಿ ಕೈಗೊಳ್ಳಲಾಗಿತ್ತು. 1998ರ ನವೆಂಬರಿನಲ್ಲಿ ಸೇವೆ ಪ್ರಾರಂಭವಾಯಿತು. 1999ರ ಆಗಸ್ಟಿನಲ್ಲಿ ಆ ಕಂಪನಿ ದಿವಾಳಿಯಾಯಿತು. ಬೇರೆ ದೇಶಗಳ ದೂರವಾಣಿ ತಯಾರಕರೂ ಮುಂದೆ ಬಂದಿದ್ದರು. ಹತ್ತಾರು ಸಾವಿರ ನೌಕರರನ್ನು ಬಿಡಬೇಕಾಯಿತು. ತಾತ ಹುಟ್ಟಿದ ಹಾರ್ವರ್ಡ್ ಊರಿನಲ್ಲಿಯೇ 1990ರ ದಶಕದ ಉತ್ತರಾರ್ಧದಲ್ಲಿ ಕೈದೂರವಾಣಿಗಳ ಬೃಹತ್ ಕಾರ್ಖಾನೆಯೊಂದನ್ನು ಕಟ್ಟಿದ್ದರು. ಒಂದು ಕಾಲಕ್ಕೆ ಅಲ್ಲಿ ಸುಮಾರು ಐದು ಸಾವಿರ ಮಂದಿ ದುಡಿಯುತ್ತಿದ್ದರು. 2003ರಲ್ಲಿ ಅದು ಮುಚ್ಚಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಆಡಳಿತ ಮಂಡಲಿಯೊಡನೆ ಅಭಿಪ್ರಾಯಭೇದ ತಲೆದೋರಿ, ಕ್ರಿಸ್ಟೋಫರ್ ತಮ್ಮ ನಿರ್ಗಮನವನ್ನು ಪ್ರಕಟಿಸಿದರು. ಎಪ್ಪತ್ತೈದು ವರ್ಷಗಳ ಮನೆತನದ ಆಡಳಿತ ಅಲ್ಲಿಗೆ ಮುಗಿಯಿತು.

ಅರೆವಾಹಕ ವಿಭಾಗ ಎರಡು ಕವಲಾಗಿ ಹೊರಬಿದ್ದಿತು. ಬಿಡಿ ಸಾಧನಗಳನ್ನು ತಯಾರಿಸುವ ಭಾಗ 1999ರಲ್ಲಿ ಆನ್ ಸೆಮಿಕಂಡಕ್ಟರ್ ಎಂಬ ಹೆಸರಿನಿಂದ ಬೇರೆಯಾಗಿ, ಇಂದಿಗೂ ಅರಿಜೋನಾದಲ್ಲಿ ನೆಲೆಸಿ ಸ್ವತಂತ್ರವಾಗಿ ನಡೆಯುತ್ತಿದೆ. ಉಳಿದ ಭಾಗ 2004ರಲ್ಲಿ ಫ್ರೀಸ್ಕೇಲ್ ಎಂಬ ಕಂಪನಿಯಾಗಿ, 2015ರಲ್ಲಿ ನೆದರ್ಲೆಂಡ್ಸಿನ ಎನ್‌ಎಕ್ಸ್‌ಪಿ ಕಂಪನಿಯಲ್ಲಿ ವಿಲೀನವಾಯಿತು. ಆ ಎರಡು ಕವಲುಗಳ ಮುಖ್ಯ ಗಿರಾಕಿಗಳಲ್ಲಿ ಇಂದಿಗೂ ಮೋಟಾರು ಗಾಡಿಗಳ ತಯಾರಕರು ಸೇರಿದ್ದಾರೆ. ಮೂಲ ಸಂಸ್ಥೆ 2011ರ ಜನವರಿಯಲ್ಲಿ ಇಬ್ಭಾಗವಾಯಿತು: ಕೈದೂರವಾಣಿಗಳದ್ದು ಒಂದು, ಪೊಲೀಸರು ಮೊದಲಾದವರ ನಿಸ್ತಂತು ಯಂತ್ರಗಳದ್ದು ಇನ್ನೊಂದು. ಮಾರ್ಷ್‌ಫೀಲ್ಡಿನ ಕಾರ್ಖಾನೆಗೆ ಬೀಗ ಬಿದ್ದಾಗ ತೊಟ್ಟಿಲಲ್ಲಿದ್ದ ರಾಬರ್ಟ್ ಗಾಲ್ವಿನ್ನರು ಈ ವಿಭಜನೆಯನ್ನೂ ಕಂಡು, ಅದೇ ವರ್ಷದ ಅಕ್ಟೋಬರ್ 11ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು.